ಒಂದು ವರ್ಷದ ಲೆಕ್ಕ

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳನ್ನು ಗದರಿಸಲು ಎರಡು ಮಾತು ಯಾವಾಗಲೂ ನಾಲಿಗೆಯ ತುದಿಯಲ್ಲೇ ಇರುತ್ತವೆ. ಸ್ವಲ್ಪ ಜೋರಾಗಿ ಓಡಿದರೆ, ‘ಏನೇ ಅದು ಗಂಡುಬೀರಿ ಥರ?’ ಎದುರು ಮಾತಾಡಿದರೆ, ‘ಸಾಕು, ಲಾ ಪಾಯಿಂಟು ಹಾಕಬೇಡ.’ ನನ್ನ ಮಗಳ ಮಗಳು ಪುಟ್ಟಿ ಈ ಎರಡು ಬೈಗುಳಗಳನ್ನೇ ತನ್ನ ಮುಂದಿನ ಬದುಕು ಮಾಡಿಕೊಳ್ಳಲು ಹೊರಟಿದ್ದಾಳೆ. ಅವಳು 800 ಮೀಟರ್ ಓಡುತ್ತಾಳೆ. ಮುಂದೆ ಲಾ ಓದಿ ಕೋರ್ಟಿನಲ್ಲಿ ನಿಲ್ಲುತ್ತೇನೆ ಅನ್ನುತ್ತಾಳೆ.

ದ್ವಿತೀಯ ಪಿಯುಸಿ ಮುಗಿದಿದೆ. ಯಾವ ಕಾಲೇಜು ಎಂಬ ಪ್ರಶ್ನೆ ಎದ್ದು ತಿಂಗಳಾಯಿತು. ರಾತ್ರಿ ಊಟಕ್ಕೆ ಕೂತರೆ ಅನ್ನ ಸಾರಿಗಿಂತ ಮೊದಲು ಪ್ರಾಸ್ಪೆಕ್ಟಸ್ಸು ಬರುತ್ತದೆ. ಅಳಿಯಂದಿರು ಬ್ಯಾಂಕಿನಲ್ಲಿರುವವರು, ಲೆಕ್ಕದಲ್ಲಿ ಗಟ್ಟಿ. ಮೊನ್ನೆ ಒಂದು ಹಾಳೆಯ ಮೇಲೆ ಬರೆದೇ ತೋರಿಸಿದರು: ‘ನೋಡಿ ಅತ್ತೆ, ಬಿ.ಎ., ಎಲ್‌ಎಲ್‌.ಬಿ. ಒಟ್ಟಿಗೆ ಸೇರಿದರೆ ಐದು ವರ್ಷ. ಮೊದಲು ಡಿಗ್ರಿ, ಆಮೇಲೆ ಲಾ ಅಂದರೆ ಮೂರು, ಮತ್ತೆ ಮೂರು, ಒಟ್ಟು ಆರು. ಸುಮ್ಮನೆ ಒಂದು ವರ್ಷ ದಂಡ.’

ಆ ‘ದಂಡ’ ಎಂಬ ಮಾತು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಯಾರಿಗೆ ದಂಡ? ಅಳಿಯಂದಿರ ಅಣ್ಣನ ಮಗ ಎಂಜಿನಿಯರಿಂಗಿನಲ್ಲಿ ಬ್ಯಾಕ್ ಇಟ್ಟುಕೊಂಡು ಆರು ವರ್ಷ ಓದಿದ. ಆಮೇಲೆ ಬೆಂಗಳೂರಿನ ವಿಜಯನಗರದಲ್ಲಿ ರೂಮು ಮಾಡಿಕೊಂಡು ಎರಡು ವರ್ಷ ಐ.ಎ.ಎಸ್. ಕೋಚಿಂಗ್ ಪಡೆದ. ಈಗ ‘ಏನೋ ಯೋಚನೆ ಮಾಡ್ತಾ ಇದ್ದಾನೆ.’ ಅವನ ವರ್ಷಗಳನ್ನು ಯಾರೂ ಹಾಳೆಯ ಮೇಲೆ ಕೂಡಿಸಿ ಕಳೆದದ್ದನ್ನು ನಾನು ನೋಡಲಿಲ್ಲ. ಗಂಡುಮಕ್ಕಳ ವರ್ಷ ಬಾವಿಯ ನೀರಿದ್ದ ಹಾಗೆ, ಸೇದಿದಷ್ಟೂ ಇರುತ್ತದೆ. ಹೆಣ್ಣುಮಕ್ಕಳದ್ದು ಮಾತ್ರ ರೇಷನ್ ಸೀಮೆಎಣ್ಣೆ, ಅಳೆದು ಕೊಡಬೇಕು. ಆ ಒಂದು ವರ್ಷದ ಹಿಂದೆ ಏನಿದೆ ಎಂದು ನಿಮಗೂ ಗೊತ್ತು, ನನಗೂ ಗೊತ್ತು. 23ಕ್ಕೆ ಓದು ಮುಗಿದರೆ ಜಾತಕ ಹೊರಗೆ ತೆಗೆಯಬಹುದು. 24 ಅಂದರೆ ತಡವಾಯಿತು. ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ನಾವೆಲ್ಲ ಈಗ ಸುಧಾರಿಸಿದ್ದೇವಲ್ಲ!

ನನಗೆ ಈ ವಿಷಯದಲ್ಲಿ ಇಷ್ಟು ಬಿಸಿ ಏಕೆ ಎಂದು ಕೇಳಬಹುದು. 1979ರಲ್ಲಿ ನಾನೂ ಓಡುತ್ತಿದ್ದೆ. ಮಂಡಿ ಮುಚ್ಚುವ ಲಂಗ, ಬರಿಗಾಲು. ಬಿ.ಎ. ಎರಡನೇ ವರ್ಷದಲ್ಲಿ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೋಗುವ ತಂಡದಲ್ಲಿ ಹೆಸರು ಬಂತು. ರೈಲು ಹತ್ತಿ ಬೇರೆ ರಾಜ್ಯ ನೋಡಿದ್ದು ಅದೇ ಮೊದಲು. ನನ್ನ ಓಟದಲ್ಲಿ ಆರನೆಯವಳಾಗಿ ಬಂದೆ, ಆರನೆಯ ಸ್ಥಾನಕ್ಕೇ ಊರು ಗೆದ್ದವಳ ಹಾಗೆ ಹಿಗ್ಗಿದೆ. ತರಬೇತಿ ಶಿಬಿರವೂ ಸೇರಿ ಒಂದು ತಿಂಗಳ ಮೇಲೆ ಕಾಲೇಜಿನಿಂದ ಹೊರಗಿದ್ದೆ. ವಾಪಸು ಬಂದಾಗ ಕಾಲೇಜಿನ ನೋಟೀಸ್ ಬೋರ್ಡಿನಲ್ಲಿ ನನ್ನ ಫೋಟೋ ಇತ್ತು. ಅದರ ಪಕ್ಕದಲ್ಲೇ ಹಾಜರಿ ಕಡಿಮೆಯಾದವರ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು. ಕಾಲೇಜಿನ ಹೆಸರು ಬೇಡ, ಆಗಿದ್ದವರಲ್ಲಿ ಅನೇಕರು ಈಗಿಲ್ಲ. ಹಾಲ್ ಟಿಕೆಟ್ ಕೊಡಲಿಲ್ಲ. ನಾನು ಕೂಟಕ್ಕೆ ಹೋಗಿದ್ದೆ ಎಂದು ಒಂದು ಕಾಗದ ಆಫೀಸಿಗೆ ಹೋಗಬೇಕಿತ್ತಂತೆ, ಹೋಗಿರಲಿಲ್ಲ. ಅದನ್ನು ಕಳಿಸಬೇಕಾದವರು ಯಾರು ಎಂದು ಕೇಳಿಕೊಂಡು ನಾಲ್ಕು ಕೊಠಡಿ ಅಲೆದೆ. ಒಂದು ವರ್ಷ ಹೋಯಿತು. ಅಪ್ಪ ಹೇಳಿದ್ದು ಇಷ್ಟೇ: ‘ಒಂದು ವರ್ಷ ಮನೇಲಿ ಕೂರಿಸಿಕೊಳ್ಳೋಕೆ ಆಗುತ್ತಾ?’ ಮುಂದಿನ ವೈಶಾಖದಲ್ಲಿ ಮದುವೆ. ಬಿ.ಎ. ಮುಗಿಸಿದ್ದು ಇಬ್ಬರು ಮಕ್ಕಳಾದ ಮೇಲೆ, ಅಂಚೆ ಶಿಕ್ಷಣದಲ್ಲಿ, ಕುಕ್ಕರಿನ ಸೀಟಿ ಎಣಿಸುತ್ತಾ.

ಕಾಲೇಜು ಆರಿಸುವಾಗ ನಾನು ಕಟ್ಟಡ ನೋಡುವುದಿಲ್ಲ. ಆ ಕಾಗದವನ್ನು ಯಾರು ಕಳಿಸುತ್ತಾರೆ ಎಂದು ಕೇಳುತ್ತೇನೆ.

ನಾನು, ಮಗಳು, ಪುಟ್ಟಿ ಮೂವರೂ ಮೂರು ಕಾಲೇಜು ನೋಡಿ ಬಂದೆವು. ಮೊದಲನೆಯದು ಅಳಿಯಂದಿರ ಆಯ್ಕೆ, ಬೆಂಗಳೂರಿನ ಐದು ವರ್ಷದ ಲಾ ಕಾಲೇಜು. ಪಿಯುಸಿ ಅಂಕದ ಮೇಲೆ ಸೀಟು ಕೊಡುತ್ತಾರೆ. (ಕ್ಲಾಟ್ ಎಂಬ ಪ್ರವೇಶ ಪರೀಕ್ಷೆಯನ್ನೂ ಪುಟ್ಟಿ ಬರೆದಿದ್ದಳು. ಅರ್ಜಿಗೇ 4,000 ರೂಪಾಯಿ. ಎರಡು ಗಂಟೆಯಲ್ಲಿ 120 ಪ್ರಶ್ನೆ. ಪರೀಕ್ಷೆ ಡಿಸೆಂಬರಿನಲ್ಲಿ, ಆಟದ ಕೂಟಗಳ ಭರಾಟೆಯೂ ಆಗಲೇ. ಕೋಚಿಂಗ್ ಕ್ಲಾಸು ಸಂಜೆ, ಅಭ್ಯಾಸವೂ ಸಂಜೆ. ಫಲಿತಾಂಶ ಹೇಗೆ ಬಂದಿರಬಹುದು, ನೀವೇ ಊಹಿಸಿ.) ಗಾಜಿನ ಕಟ್ಟಡ, ಏಸಿ ಗ್ರಂಥಾಲಯ, ಅಣಕು ನ್ಯಾಯಾಲಯದ ಸಭಾಂಗಣ. ಪುಟ್ಟಿಯ ಕಣ್ಣು ಹೊಳೆಯಿತು, ಸುಳ್ಳು ಹೇಳಲಾರೆ. ಮೈದಾನ ಎಲ್ಲಿ ಎಂದು ಕೇಳಿದೆ. ಹತ್ತಿರದಲ್ಲೇ ಪಾರ್ಕಿದೆ, ಆಂಟಿಯರು ವಾಕಿಂಗ್ ಮಾಡುತ್ತಾರೆ, ಸೇಫ್ ಎಂದರು. ಕಂಠೀರವ ಕ್ರೀಡಾಂಗಣ ಇದೆಯಲ್ಲ ಎಂದು ಮಗಳು ಸಮಾಧಾನ ಹೇಳಿದಳು. ಇದೆ, ಆದರೆ ಆ ಕಾಲೇಜಿನಿಂದ ಅಲ್ಲಿಗೆ ಬೆಳಗಿನ ಟ್ರಾಫಿಕ್ಕಿನಲ್ಲಿ ಹೋಗಿ, ಓಡಿ, ಸ್ನಾನ ಮಾಡಿ, ಒಂಬತ್ತರ ತರಗತಿಗೆ ವಾಪಸು ಬರುವ ಹುಡುಗಿಯನ್ನು ಯಾವ ದೇವರು ಸೃಷ್ಟಿಸಿದ್ದಾನೋ ತಿಳಿಯದು.

ಹಾಜರಿಯ ವಿಷಯ ಕೇಳಿದಾಗ ಗುಮಾಸ್ತರು ನಿಯಮ ಹೇಳಿದರು. ಭಾರತೀಯ ವಕೀಲರ ಪರಿಷತ್ತು 2008ರಲ್ಲಿ ಮಾಡಿದ ಕಾನೂನು ಶಿಕ್ಷಣದ ನಿಯಮಗಳಲ್ಲಿ, ಪ್ರತಿ ವಿಷಯದಲ್ಲೂ ನೂರಕ್ಕೆ 70ರಷ್ಟು ತರಗತಿಗೆ ಹಾಜರಿರಬೇಕು ಎಂದಿದೆ. ಅಸಾಧಾರಣ ಕಾರಣವಿದ್ದರೆ ಒಂದು ವಿಷಯದಲ್ಲಿ 65ರವರೆಗೆ ಬಿಡಬಹುದು, ಆದರೆ ಎಲ್ಲ ವಿಷಯ ಸೇರಿ 70 ಇರಲೇಬೇಕು. 2025ರ ನವೆಂಬರಿನಲ್ಲಿ ದೆಹಲಿ ಹೈಕೋರ್ಟು, ಹಾಜರಿ ಕಡಿಮೆ ಎಂಬ ಕಾರಣಕ್ಕೆ ಕಾನೂನು ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ತಡೆಯಬಾರದು ಎಂದು ಹೇಳಿತು. ಒಳ್ಳೆಯದೇ ಆಯಿತು. ಆದರೆ ತೀರ್ಪು ದೆಹಲಿಯಲ್ಲಿ, ಗುಮಾಸ್ತರು ಇಲ್ಲಿ. ಇನ್ನೊಂದು ವಿಷಯ ಅವರು ಹೇಳಲಿಲ್ಲ, ಪುಟ್ಟಿಯೇ ನಿಯಮದಲ್ಲಿ ಓದಿ ತೋರಿಸಿದಳು. ಐದು ವರ್ಷದ ಕೋರ್ಸಿನಲ್ಲಿ ಕನಿಷ್ಠ 20 ವಾರ ವಕೀಲರ ಬಳಿಯೋ ನ್ಯಾಯಾಲಯದಲ್ಲೋ ಇಂಟರ್ನ್‌ಶಿಪ್ ಮಾಡಬೇಕು. ಹೆಚ್ಚಿನವರು ಅದನ್ನು ರಜೆಯಲ್ಲಿ ಮಾಡುತ್ತಾರೆ. ಓಟಗಾರ್ತಿಗೆ ರಜೆ ಅಂದರೆ ತರಬೇತಿ ಶಿಬಿರ. ಹೀಗೆ 18ರಿಂದ 23ರವರೆಗೆ, ಕಾಲಿನಲ್ಲಿ ಕಸುವು ಇರುವ ಅಷ್ಟೂ ವರ್ಷ, ಅವಳು ಎರಡು ಕಡೆಯೂ ಕ್ಷಮೆ ಕೇಳುತ್ತಾ ಓಡಾಡಬೇಕು.

ಎರಡನೆಯದು ಪದಕಗಳ ಕಾಲೇಜು. ಊರು ಹೇಳುವುದಿಲ್ಲ. ಗೇಟಿನಿಂದಲೇ ಫ್ಲೆಕ್ಸುಗಳು, ಕೊರಳಲ್ಲಿ ಪದಕ ಹಾಕಿಕೊಂಡ ಮಕ್ಕಳು. ಸೀಟು ಬಿಟ್ಟಿ, ಹಾಸ್ಟೆಲ್ ಬಿಟ್ಟಿ, ಮೊಟ್ಟೆ ಹಾಲು ಬಿಟ್ಟಿ, ಸ್ಪೈಕ್ಸ್ ಶೂ ಕೂಡ ಅವರದ್ದೇ. ಮಗಳಿಗೆ ಸ್ವರ್ಗ ಕಂಡ ಹಾಗಾಯಿತು. ಮನೆಸಾಲ ಇನ್ನೂ ತೀರಿಲ್ಲ, ಅವಳದೂ ತಪ್ಪಲ್ಲ. ನಾನು ಊಟದ ಮನೆಯಲ್ಲಿ ಒಬ್ಬ ಹುಡುಗಿಯ ಪಕ್ಕ ಕೂತೆ. ‘ಏನಮ್ಮಾ ಓದ್ತಾ ಇದೀಯ?’ ಎಂದರೆ, ‘ಬಿ.ಎ. ಇರಬೇಕು ಆಂಟಿ’ ಎಂದು ನಕ್ಕಳು. ತಮಾಷೆಗೆ ಹೇಳಿದಳೋ ನಿಜವಾಗಿಯೋ ತಿಳಿಯಲಿಲ್ಲ. ಅವಳ ಪಕ್ಕದಲ್ಲಿದ್ದವಳು ತಮಾಷೆ ಮಾಡಲಿಲ್ಲ. ಮಂಡಿಗೆ ಪೆಟ್ಟಾಗಿ ಎಂಟು ತಿಂಗಳಾಗಿತ್ತು. ಓಡದವರಿಗೆ ಬಿಟ್ಟಿ ಸೀಟು ಮುಂದಿನ ವರ್ಷ ಇರುವುದಿಲ್ಲವಂತೆ, ಮನೆಗೆ ಫೀಸಿನ ಚೀಟಿ ಹೋಗಿದೆ. ಅಪ್ಪ ಅಡಿಕೆ ಕೊಯ್ಲಿನ ಕೂಲಿ.

ಬಿಟ್ಟಿ ಎಂಬುದು ಯಾವತ್ತೂ ಬಿಟ್ಟಿಯಲ್ಲ ಎಂದು ಹೆಂಗಸರಿಗೆ ಯಾರಾದರೂ ಹೇಳಿಕೊಡಬೇಕೇ? ಆ ಕಾಲೇಜಿಗೆ ಬೇಕಾದದ್ದು ಹುಡುಗಿಯಲ್ಲ, ಅವಳ ಎರಡು ಕಾಲು. ಕಾಲು ಚೆನ್ನಾಗಿರುವವರೆಗೆ ಫ್ಲೆಕ್ಸು, ಆಮೇಲೆ ಫೀಸಿನ ಚೀಟಿ. ಕ್ರೀಡಾ ಕೋಟಾ ಕೆಟ್ಟದ್ದು ಅನ್ನುತ್ತಿಲ್ಲ. ಅದರಿಂದಲೇ ಹೊಸಿಲು ದಾಟಿದ ಹುಡುಗಿಯರು ನೂರಾರು ಜನ ಇದ್ದಾರೆ. ಆದರೆ ಪೆಟ್ಟಾದರೆ ಏನು ಎಂಬ ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಕೊಡದ ಕಾಲೇಜಿಗೆ ಮಗಳನ್ನು ಕಳಿಸಬೇಡಿ. ಲಾ ಓದಬೇಕೆಂದಿರುವವಳಿಗಂತೂ ಅದು ಮೊದಲ ಪಾಠ: ಬಾಯಿಮಾತು ಬೇಡ, ಕಾಗದ ಕೊಡಿ. ಬಿ.ಎ. ಅಂಕಗಳೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಮೂರು ವರ್ಷದ ಎಲ್‌ಎಲ್‌.ಬಿ.ಗೆ ಯಾವ ವಿಷಯದ ಪದವಿಯಾದರೂ ಸರಿ, ಸಾಮಾನ್ಯ ವರ್ಗದವರಿಗೆ ಕನಿಷ್ಠ 45 ಪರ್ಸೆಂಟ್ ಬೇಕು. ಒಳ್ಳೆಯ ಕಾಲೇಜಿಗೆ ಅದಕ್ಕಿಂತ ಎಷ್ಟೋ ಹೆಚ್ಚು ಬೇಕು. ‘ಬಿ.ಎ. ಇರಬೇಕು’ ಎಂದು ನಗುವವಳಿಗೆ ಅದನ್ನು ಯಾರು ಹೇಳಿದ್ದಾರೆ?

ಮೂರನೆಯದು ನಮ್ಮ ಜಿಲ್ಲಾ ಕೇಂದ್ರದ ಸರ್ಕಾರಿ ಮಹಿಳಾ ಕಾಲೇಜು. ಸುಣ್ಣ ಕಂಡು ಎಷ್ಟು ವರ್ಷವಾಯಿತೋ. ಮೈದಾನ ಮಣ್ಣಿನದು, ನಮ್ಮದು ಮಲೆನಾಡಿನ ಅಂಚು, ಜೂನಿನಿಂದ ಸೆಪ್ಟೆಂಬರಿನವರೆಗೆ ಅಲ್ಲಿ ನಾಟಿ ಮಾಡಬಹುದು. ಆದರೆ ದೈಹಿಕ ಶಿಕ್ಷಣದ ಮೇಡಂ ಒಬ್ಬರಿದ್ದಾರೆ. ನಾನು ನನ್ನ ಹಳೆಯ ಪ್ರಶ್ನೆ ಕೇಳಿದೆ. ಅವರು ಬೀರು ತೆಗೆದು ಒಂದು ದಪ್ಪ ನೋಟ್‌ಬುಕ್ ಮುಂದಿಟ್ಟರು. ಯಾವ ಹುಡುಗಿ, ಯಾವ ಕೂಟ, ಎಷ್ಟು ದಿನ, ಹಾಜರಿಗಾಗಿ ಪ್ರಾಂಶುಪಾಲರಿಗೆ ಕಾಗದ ಕೊಟ್ಟ ತಾರೀಖು, ಅವರ ಸಹಿ. ಹಿಂದಿನ ಪುಟಗಳಲ್ಲಿ ಹುಡುಗಿಯರ ಹಿಮೋಗ್ಲೋಬಿನ್ ಎಷ್ಟು ಎಂದು ಕೂಡ ಬರೆದಿದ್ದರು. ತಿಂಗಳ ಮುಟ್ಟು, ಬೆವರು, ಅನ್ನ-ತಿಳಿಸಾರಿನ ಊಟ. ನಮ್ಮ ಹುಡುಗಿಯರು ಕಬ್ಬಿಣದ ಅಂಶ ಇಲ್ಲದೆ ಓಡಿ ಓಡಿ ಬೀಳುತ್ತಾರೆ, ಜನ ಅದನ್ನು ಸೋಮಾರಿತನ ಅನ್ನುತ್ತಾರೆ ಎಂದರು. ಮೈದಾನದ ಪಕ್ಕದಲ್ಲಿ ಚಿಲಕ ಸರಿಯಾಗಿರುವ ಒಂದು ಪಾಯಖಾನೆ ಇತ್ತು. ನಗಬೇಡಿ. ಗಾಜಿನ ಕಟ್ಟಡದವರ ಆ ಸೇಫ್ ಪಾರ್ಕಿನಲ್ಲಿ ಇರಲಿಲ್ಲ. ಹಾಸ್ಟೆಲಿನ ಗೇಟು ಬೆಳಿಗ್ಗೆ ಎಷ್ಟಕ್ಕೆ ತೆಗೆಯುತ್ತೀರಿ ಎಂದೆ. ಎಲ್ಲ ಕಡೆ ತಾಯಂದಿರು ಸಂಜೆ ಎಷ್ಟಕ್ಕೆ ಮುಚ್ಚುತ್ತೀರಿ ಎಂದೇ ಕೇಳುವುದು. ಓಡುವವರಿಗೆ ಐದಕ್ಕೆ ತೆಗೆಯುತ್ತೇವೆ, ನಾನೇ ಬರುತ್ತೇನೆ ಎಂದರು ಮೇಡಂ. ಜಿಲ್ಲಾ ಕ್ರೀಡಾಂಗಣ ಬಸ್ಸಿನಲ್ಲಿ ಹತ್ತು ನಿಮಿಷ. 2023ರ ಜೂನಿನಿಂದ ನಮಗೆ ಸರ್ಕಾರಿ ಬಸ್ಸಿಗೆ ದುಡ್ಡಿಲ್ಲವಲ್ಲ. ನಮ್ಮ ಗಂಡಸರು ಆ ‘ಶಕ್ತಿ’ಯ ಬಗ್ಗೆ ಏನೇ ಗೊಣಗಲಿ, ಬೆಳಗಿನ ಐದೂವರೆಯ ಬಸ್ಸಿನಲ್ಲಿ ಟ್ರ್ಯಾಕ್ ಸೂಟು ಹಾಕಿದ ನಾಲ್ಕು ಹುಡುಗಿಯರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹೀಗಾಗಿ ನನ್ನ ವಾದ ನೇರವಾಗಿದೆ. ಪುಟ್ಟಿ ಇಲ್ಲಿ ಮೂರು ವರ್ಷ ಬಿ.ಎ. ಮಾಡಲಿ, ಇತಿಹಾಸವೋ ರಾಜ್ಯಶಾಸ್ತ್ರವೋ. ಓಡುವುದಿದ್ದರೆ ಈಗ ಓಡಲಿ. ಆಮೇಲೆ ಮೂರು ವರ್ಷ ಲಾ. ನಮ್ಮ ರಾಜ್ಯದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು 2024ರಲ್ಲಿ ಕೈಬಿಟ್ಟು ಪದವಿಯನ್ನು ಮತ್ತೆ ಮೂರು ವರ್ಷ ಮಾಡಿದ್ದಾರೆ, ಆ ತಲೆನೋವೂ ಇಲ್ಲ. ‘ಒಳ್ಳೆಯ ಲಾ ಕಾಲೇಜೆಲ್ಲ ಐದು ವರ್ಷದ್ದೇ’ ಎಂದು ಅಳಿಯಂದಿರು ಅಂದರು. ಅದೂ ಹಳೆಯ ಮಾತು. ಬೆಂಗಳೂರು ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಯೇ 2022ರಿಂದ ಮೂರು ವರ್ಷದ ಎಲ್‌ಎಲ್‌.ಬಿ. ನಡೆಸುತ್ತಿದೆ, ಪದವಿ ಮುಗಿಸಿದವರು ಅದರ ಪ್ರವೇಶ ಪರೀಕ್ಷೆ ಬರೆದು ಸೇರಬಹುದು. ಅದು ಸಿಗದಿದ್ದರೆ ಹುಬ್ಬಳ್ಳಿಯ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳು ಊರೂರಲ್ಲಿವೆ. ಮಾತೆತ್ತಿದರೆ ಅಮೆರಿಕದ ಹೆಸರು ಹೇಳುವ ನಮ್ಮ ಬೀದಿಯವರಿಗೂ ಒಂದು ಮಾತು. ಅಲ್ಲಿ ಹೈಸ್ಕೂಲು ಮುಗಿಸಿದ ಮಗುವನ್ನು ನೇರ ಲಾ ಶಾಲೆಗೆ ಸೇರಿಸುವುದಿಲ್ಲ. ಮೊದಲು ನಾಲ್ಕು ವರ್ಷ ಯಾವುದಾದರೂ ವಿಷಯದಲ್ಲಿ ಪದವಿ, ಆಮೇಲೆ ಮೂರು ವರ್ಷ ಲಾ. ಬೈರನ್ ವೈಟ್ ಎಂಬಾತ ದುಡ್ಡಿಗಾಗಿ ಫುಟ್‌ಬಾಲ್ ಆಡುತ್ತಲೇ ಯೇಲ್‌ನಲ್ಲಿ ಲಾ ಓದಿ, 1962ರಲ್ಲಿ ಆ ದೇಶದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ. ಅವನಿಗೆ ಯಾರೂ ‘ಎರಡು ದೋಣಿಯಲ್ಲಿ ಕಾಲಿಡಬೇಡ’ ಅಂದಿರಲಿಕ್ಕಿಲ್ಲ.

ಐದು ವರ್ಷದ ಕೋರ್ಸು ಯಾರಿಗೂ ಬೇಡ ಅನ್ನುತ್ತಿಲ್ಲ. ಓಟ ಬರೀ ಹವ್ಯಾಸವಾಗಿದ್ದವಳಿಗೆ ಅದೇ ಸರಿ. ಆದರೆ ಪುಟ್ಟಿಗೆ ಅದು ಹವ್ಯಾಸವಲ್ಲ. ಲಾ ಪುಸ್ತಕ 24ಕ್ಕೂ ತೆರೆಯುತ್ತದೆ, 34ಕ್ಕೂ ತೆರೆಯುತ್ತದೆ. ಓಟದ ಕಾಲು ಹಾಗಲ್ಲ.

ಬೀಗಿತ್ತಿಯವರು ಕೂಡ ಬಂದಿದ್ದರು. ‘ಬಿಸಿಲಲ್ಲಿ ಓಡಿ ಓಡಿ ಹುಡುಗಿ ಎಷ್ಟು ಕಪ್ಪಾಗಿದಾಳೆ ನೋಡಿ ಬೀಗರೇ. ಗರ್ಭಕೋಶಕ್ಕೂ ಒಳ್ಳೇದಲ್ಲವಂತೆ’ ಎಂದರು. 1928ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ ಮೊದಲ ಸಲ 800 ಮೀಟರ್ ಓಟ ಇಟ್ಟರು. ಓಡಿ ಮುಗಿಸಿ ಕೆಲವರು ಹುಲ್ಲಿನ ಮೇಲೆ ಕೂತರು, ಮಲಗಿದರು. ಗಂಡಸರೂ ಹಾಗೇ ಮಲಗುತ್ತಾರೆ. ಪತ್ರಿಕೆಗಳು ಅದನ್ನೇ ದೊಡ್ಡದು ಮಾಡಿದವು, ಹೆಣ್ಣಿನ ದೇಹಕ್ಕೆ ಇದು ಆಗದು ಎಂದು ತೆಗೆದೇಬಿಟ್ಟರು. ಮತ್ತೆ ಆ ಓಟ ಬಂದದ್ದು 1960ರಲ್ಲಿ, ರೋಮಿನಲ್ಲಿ. ವಕೀಲಿಯ ಕಥೆಯೂ ಅಷ್ಟೇ. ಹೆಂಗಸು ಎಂಬ ಕಾರಣಕ್ಕೆ ವಕೀಲಿ ನಿರಾಕರಿಸಬಾರದು ಎಂಬ ಕಾಯ್ದೆ ನಮ್ಮ ದೇಶದಲ್ಲಿ ಬಂದದ್ದು 1923ರಲ್ಲಿ. ಇವನ್ನು ಬೀಗಿತ್ತಿಯವರಿಗೆ ಹೇಳಿದೆ. ‘ನಮಗೇನು ಗೊತ್ತು ಬಿಡಿ, ನೀವು ಓದಿದವರು’ ಎಂದು ಕಾಫಿ ಲೋಟ ಕೆಳಗಿಟ್ಟರು.

ಓಟಕ್ಕೂ ಲಾಗೂ ಏನು ಸಂಬಂಧ, ಒಂದನ್ನು ಬಿಡಲಿ ಎನ್ನುವವರಿಗೆ ಇನ್ನೊಂದು ಹೆಸರು ಹೇಳಬೇಕು. ತಮಿಳುನಾಡಿನ ಪುದುಕೋಟೈ ಜಿಲ್ಲೆಯ ಬಡ ಮನೆಯ ಶಾಂತಿ ಸೌಂದರರಾಜನ್ 2006ರ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ 800 ಮೀಟರಿನಲ್ಲಿ ಬೆಳ್ಳಿ ಗೆದ್ದರು. ಲಿಂಗ ಪರೀಕ್ಷೆ ಮಾಡಿ ಪದಕ ಕಿತ್ತುಕೊಂಡರು. ಆಕೆ ಇಟ್ಟಿಗೆ ಗೂಡಿನಲ್ಲಿ ದಿನಗೂಲಿ ಮಾಡುತ್ತಿದ್ದಾರೆಂಬ ಸುದ್ದಿ 2012ರಲ್ಲಿ ಬಂತು. ಆಮೇಲೆ ಅವರು ಕೋಚ್ ಆದರು ಎಂಬುದಷ್ಟೇ ಸಮಾಧಾನ. ಒಡಿಶಾದ ದ್ಯುತಿ ಚಂದ್ ಅವರನ್ನು 2014ರಲ್ಲಿ ದೇಹದಲ್ಲಿ ಯಾವುದೋ ಹಾರ್ಮೋನು ಹೆಚ್ಚಿದೆ ಎಂದು ತಂಡದಿಂದ ಬಿಟ್ಟಾಗ ಕಥೆ ಬೇರೆಯಾಯಿತು. ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿರುವ ಕ್ರೀಡಾ ನ್ಯಾಯಮಂಡಳಿಯಲ್ಲಿ ಆಕೆ ಪ್ರಶ್ನೆ ಮಾಡಿದರು, 2015ರ ಜುಲೈಯಲ್ಲಿ ಮಂಡಳಿ ಆ ನಿಯಮವನ್ನೇ ತಡೆಹಿಡಿಯಿತು. ದ್ಯುತಿಯ ಪರ ಫೀಸಿಲ್ಲದೆ ವಾದಿಸಿದವರು ಕೆನಡಾದ ವಕೀಲರು. ಕೆನಡಾದವರು! ನಮ್ಮ ಹುಡುಗಿಯ ದೇಹದ ಮಾನ ಕಾಪಾಡಲು ಅಷ್ಟು ದೂರದವರು ಬರಬೇಕಾಯಿತು. ಈಗಲಂತೂ 2025ರ ಸೆಪ್ಟೆಂಬರಿನಿಂದ ವಿಶ್ವ ಚಾಂಪಿಯನ್‌ಶಿಪ್ಪಿನ ಮಹಿಳಾ ವಿಭಾಗದಲ್ಲಿ ಓಡಬೇಕಾದವರೆಲ್ಲರಿಗೂ ಒಮ್ಮೆ ವಂಶವಾಹಿ ಪರೀಕ್ಷೆ ಕಡ್ಡಾಯ. ಉದ್ದೀಪನ ಮದ್ದಿನ ನಿಯಮವನ್ನೇ ನೋಡಿ. ದೇಹದೊಳಗೆ ನಿಷೇಧಿತ ವಸ್ತು ಸಿಕ್ಕರೆ, ಅದು ಯಾರೋ ಕೊಟ್ಟ ಮಾತ್ರೆಯಿಂದ ಬಂದಿದ್ದರೂ ಮೊದಲ ಹೊಣೆ ಓಡುವವಳದ್ದೇ. ನೋಟೀಸು ಇಂಗ್ಲಿಷಿನಲ್ಲಿ ಬರುತ್ತದೆ, ಉತ್ತರಕ್ಕೆ ಗಡುವು ಇರುತ್ತದೆ. ಹಳ್ಳಿಯ ಹುಡುಗಿ ಅದನ್ನು ಯಾರ ಬಳಿ ಓದಿಸಬೇಕು? 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಲ್ಲಿ ನಮ್ಮಲ್ಲೇ ಒಂದು ಕ್ರೀಡಾ ನ್ಯಾಯಮಂಡಳಿ ಎಂದು ಬರೆದಿದ್ದಾರೆ. ಅಲ್ಲಿ ನಿಂತು ಮಾತಾಡುವವರು, ಬೆಳಗಿನ ಐದು ಗಂಟೆಗೆ ಶೂ ದಾರ ಕಟ್ಟಿ ಗೊತ್ತಿರುವವರಾಗಿರಬೇಕೋ ಬೇಡವೋ?

ಇದನ್ನೆಲ್ಲ ಊಟದ ಹೊತ್ತಿಗೆ ಹೇಳಿದೆ, ಒಂದೇ ಉಸಿರಿನಲ್ಲಿ. ಮಗಳು ಸುಮ್ಮನೆ ಮಜ್ಜಿಗೆ ಬಡಿಸಿದಳು. ಅವಳಿಗೂ ಭಯವಿದೆ, ನನಗೆ ಗೊತ್ತು. ‘ಅಮ್ಮ, ಮೂರು ವರ್ಷ ಓಡಿ ಏನೂ ಆಗದೇ ಹೋದರೆ?’ ಎಂದಳು. ಆಗದೇ ಹೋಗಬಹುದು. ರಾಜ್ಯ ಕೂಟದಲ್ಲಿ ನಾಲ್ಕನೆಯವಳಾಗಿ ಅಲ್ಲೇ ನಿಲ್ಲಬಹುದು. ಆಗ ಅವಳ ಕೈಯಲ್ಲಿ ಒಂದು ಬಿ.ಎ. ಇರುತ್ತದೆ, ಮುಂದೆ ಲಾ ಇರುತ್ತದೆ, ಹಿಂದೆ ಮೂರು ವರ್ಷದ ಓಟ ಇರುತ್ತದೆ. ನನ್ನ ಕೈಯಲ್ಲಿ ಏನಿತ್ತು ಎಂದು ಅವಳನ್ನು ಕೇಳಲಿಲ್ಲ. ಕೇಳಬೇಕಾದ ಅಗತ್ಯವೂ ಇರಲಿಲ್ಲ, ಆ ಅಂಚೆ ಪಾಠಗಳ ಮೇಲೆ ಗೀಚಿದ್ದು ಅವಳೇ.

ಅಳಿಯಂದಿರು ಕೈ ತೊಳೆದು ಬಂದು, ‘ಒಂದು ವರ್ಷದ ವಿಷಯ ಬಿಡಿ ಅತ್ತೆ. ಬೆಂಗಳೂರಿನ ಕಾಲೇಜಿಗೆ ಮೊದಲ ಕಂತು ಕಟ್ಟೋದಕ್ಕೆ ಶನಿವಾರ ಕೊನೇ ದಿನ’ ಎಂದರು. ದನಿಯಲ್ಲಿ ಮೊದಲಿನ ಗಟ್ಟಿತನ ಇರಲಿಲ್ಲ, ಆದರೆ ಚೆಕ್ ಪುಸ್ತಕ ಇನ್ನೂ ಮೇಜಿನ ಮೇಲೆಯೇ ಇತ್ತು. ಸರ್ಕಾರಿ ಕಾಲೇಜಿನ ಅರ್ಜಿ ನನ್ನ ಹತ್ತಿರ ಇದೆ. ಪುಟ್ಟಿ ಎಲ್ಲ ಕಾಲಂ ತುಂಬಿದ್ದಾಳೆ, ಪೋಷಕರ ಸಹಿಯ ಜಾಗ ಖಾಲಿ. ಪೋಷಕರು ಅಂದರೆ ಅಪ್ಪನೇ ಆಗಬೇಕೆಂದು ಅದರಲ್ಲಿ ಎಲ್ಲೂ ಇಲ್ಲ, ಎರಡು ಸಲ ಓದಿ ನೋಡಿದ್ದೇನೆ. ಮಗಳಿಗೆ ಪೆನ್ನು ಕೊಟ್ಟು ಮೂರು ದಿನವಾಯಿತು. ಶುಕ್ರವಾರ ಬೆಳಿಗ್ಗೆ ಐದೂವರೆಯ ಬಸ್ಸಿಗೆ ನಾನೂ ಹೋಗುತ್ತಿದ್ದೇನೆ.